ಹಗುರ ಶೂ ಕೊಡುವುದು ಮೂರೇ ಸೆಕೆಂಡು: ವೇಗದ ಓಟಕ್ಕೆ ಪಾದರಕ್ಷೆ ಆರಿಸುವ ಬಗೆ

ಐನಾಪುರ: ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ನಸುಕಿನ ಹೊತ್ತಿಗೆ ರಸ್ತೆಗಿಳಿಯುವವರಲ್ಲಿ ಹಾಲಿನವರು, ಕಬ್ಬಿನ ಗಾಡಿಯವರ ಜೊತೆಗೆ ಇನ್ನೊಂದು ವರ್ಗವೂ ಉಂಟು. ಕಾಗವಾಡ ತಾಲ್ಲೂಕಿನ ಐನಾಪುರದಿಂದ ಹಿಡಿದು ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯವರೆಗೆ ಸೇನೆಯ ಅಥವಾ ಪೊಲೀಸ್ ಇಲಾಖೆಯ ನೌಕರಿಯ ಆಸೆ ಹೊತ್ತು ಓಡುವ ಯುವಕ ಯುವತಿಯರು ಅವರು. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿ ಜಿಲ್ಲೆಯಲ್ಲಿ ಈ ಆಸೆ ಹೊಸತೇನಲ್ಲ. ಬದಲಾಗಿರುವುದು ಕಾಲಿನಲ್ಲಿರುವ ಪಾದರಕ್ಷೆ. ಒಂದು ಕಾಲಕ್ಕೆ ಬರಿಗಾಲು ಅಥವಾ ಕ್ಯಾನ್‌ವಾಸ್ ಬೂಟಿನಲ್ಲಿ ಮುಗಿಯುತ್ತಿದ್ದ ಅಭ್ಯಾಸಕ್ಕೆ ಇಂದು ಹಗುರ ಶೂ, ರೇಸಿಂಗ್ ಶೂ, ಕಾರ್ಬನ್ ಶೂ ಎಂಬ ಹೆಸರುಗಳು ಬಂದು ಸೇರಿವೆ.

ರಾಜ್ಯದ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳಾ ಅಭ್ಯರ್ಥಿಗಳು 400 ಮೀಟರ್ ದೂರವನ್ನು 2 ನಿಮಿಷದೊಳಗೆ ಓಡಬೇಕೆಂಬ ನಿಯಮವನ್ನು ಅಧಿಸೂಚನೆಗಳಲ್ಲಿ ಕಾಣುತ್ತೇವೆ. ಸೇನಾ ಭರ್ತಿ ರ‍್ಯಾಲಿಯಲ್ಲಿ 1600 ಮೀಟರನ್ನು ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ತಿ 60 ಅಂಕ. ಅನಂತರ ಬಂದವನಿಗೆ ಕಡಿಮೆ. ಇಲ್ಲಿ ಒಂದೊಂದು ಸೆಕೆಂಡಿಗೂ ಬೆಲೆಯಿದೆ. ಹಾಗೆಂದು ಮನೆಯವರ ಒಂದು ತಿಂಗಳ ದುಡಿಮೆಯನ್ನು ಒಂದು ಜೊತೆ ಶೂಗೆ ಸುರಿಯುವುದು ಸರಿಯೇ? ಹಗುರ ಶೂ ನಿಜವಾಗಿ ಎಷ್ಟು ಸೆಕೆಂಡು ಉಳಿಸಿಕೊಡುತ್ತದೆ? ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ವಿಶ್ವ 10ಕೆ ಓಟದಂಥ ಸ್ಪರ್ಧೆಗಳಿಗೆ ಸಿದ್ಧರಾಗುವ ನಗರವಾಸಿಗಳನ್ನೂ ಕಾಡುವ ಪ್ರಶ್ನೆ ಇದು.

ಮೂರು ಸೆಕೆಂಡಿನ ಲೆಕ್ಕ

ಕೊಡಲಿಯನ್ನು ಕಬ್ಬಿಣದ ಬಳಿ ಹಿಡಿದು ಬೀಸುವುದು ಸುಲಭ. ಹಿಡಿಯ ತುದಿಯಲ್ಲಿ ಹಿಡಿದು ಬೀಸುವುದು ಕಷ್ಟ. ತೂಕ ಅದೇ ಆದರೂ ಅದು ಕೈಯಿಂದ ದೂರವಾದಷ್ಟೂ ಶ್ರಮ ಹೆಚ್ಚು. ಪಾದವಿರುವುದು ಕಾಲಿನ ತುತ್ತತುದಿಯಲ್ಲಿ. ಆದ್ದರಿಂದಲೇ ಸೊಂಟಕ್ಕೆ ಕಟ್ಟಿಕೊಂಡ 100 ಗ್ರಾಂಗಿಂತ ಪಾದಕ್ಕೆ ಕಟ್ಟಿಕೊಂಡ 100 ಗ್ರಾಂ ಹೆಚ್ಚು ದಣಿಸುತ್ತದೆ.

ಈ ದಣಿವನ್ನು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಅಳೆದಿದ್ದಾರೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 18 ಓಟಗಾರರ ಶೂಗಳಿಗೆ ಅವರಿಗೆ ತಿಳಿಯದಂತೆ ಸೀಸದ ಗುಂಡುಗಳನ್ನು ಸೇರಿಸಿ 3000 ಮೀಟರ್ ಓಡಿಸಲಾಯಿತು. ಪ್ರತಿ ಶೂಗೆ 100 ಗ್ರಾಂ ಹೆಚ್ಚಾದಂತೆ ದೇಹ ವ್ಯಯಿಸುವ ಶಕ್ತಿ ಸುಮಾರು ಶೇ. 1.1ರಷ್ಟು ಏರಿತು, ಓಟದ ಸಮಯ ಸುಮಾರು ಶೇ. 0.8ರಷ್ಟು ಹೆಚ್ಚಿತು.

ಈ ಪ್ರಮಾಣವನ್ನು ನಮ್ಮ ಅಭ್ಯರ್ಥಿಗೆ ಅನ್ವಯಿಸಿ ನೋಡೋಣ. ಆರೂವರೆ ನಿಮಿಷವೆಂದರೆ 390 ಸೆಕೆಂಡು. ಅದರ ಶೇ. 0.8 ಎಂದರೆ ಮೂರು ಸೆಕೆಂಡು. ನೆಲದ ಮೇಲೆ ಅಳೆದರೆ ಸುಮಾರು 12 ಮೀಟರ್. 300 ಗ್ರಾಂ ತೂಗುವ ಸಾಮಾನ್ಯ ಶೂ ಬಿಟ್ಟು 200 ಗ್ರಾಂ ಶೂ ಧರಿಸಿದವನಿಗೆ ಸಿಗಬಹುದಾದ ಲಾಭ ಇಷ್ಟು. 6 ನಿಮಿಷ 32 ಸೆಕೆಂಡಿನಲ್ಲಿ ಓಡುತ್ತಿರುವವನಿಗೆ ಈ ಮೂರು ಸೆಕೆಂಡು ನೌಕರಿಯನ್ನೇ ಕೊಡಿಸಬಹುದು. 6 ನಿಮಿಷ 50 ಸೆಕೆಂಡಿನಲ್ಲಿ ಓಡುತ್ತಿರುವವನಿಗೆ ಯಾವ ಶೂ ಕೂಡ ನೆರವಾಗದು. ಅವನಿಗೆ ಬೇಕಾಗಿರುವುದು ಇನ್ನೆರಡು ತಿಂಗಳ ಕ್ರಮಬದ್ಧ ಅಭ್ಯಾಸ. ಆದ್ದರಿಂದ ಶೂ ಕೊಳ್ಳುವ ಮುನ್ನ ಗಡಿಯಾರ ಹಿಡಿದು ತನ್ನ ಸಮಯವನ್ನು ಅಳೆದುಕೊಳ್ಳುವುದು ಮೊದಲ ಕೆಲಸ.

ಹಾಗಾದರೆ ಬರಿಗಾಲೇ ಮೇಲಲ್ಲವೇ?

ಹಗುರವೇ ಗುಣವೆಂದಾದರೆ ಬರಿಗಾಲಿಗಿಂತ ಹಗುರವಾದದ್ದು ಯಾವುದು ಎಂಬ ಪ್ರಶ್ನೆ ಸಹಜ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿಯೇ ಮ್ಯಾರಥಾನ್ ಗೆದ್ದದ್ದು ಇತಿಹಾಸ. ಆದರೆ ಅದೇ ಬಿಕಿಲ 1964ರ ಟೋಕಿಯೋದಲ್ಲಿ ಶೂ ಧರಿಸಿ ಓಡಿ, ರೋಮ್‌ನ 2 ಗಂಟೆ 15 ನಿಮಿಷ 16 ಸೆಕೆಂಡಿನ ಬದಲು 2 ಗಂಟೆ 12 ನಿಮಿಷ 12 ಸೆಕೆಂಡಿನಲ್ಲಿ ಗುರಿ ಮುಟ್ಟಿದರೆಂಬುದನ್ನು ಅನೇಕರು ಮರೆಯುತ್ತಾರೆ. ಈ ಅಂತರಕ್ಕೆ ಶೂ ಒಂದೇ ಕಾರಣವೆನ್ನಲಾಗದು. ಶೂ ಅವರಿಗೆ ಭಾರವಾಗಲಿಲ್ಲ ಎಂದಂತೂ ಹೇಳಬಹುದು.

2012ರಲ್ಲಿ ಪ್ರಕಟವಾದ ಕೊಲರಾಡೊದ ಇನ್ನೊಂದು ಅಧ್ಯಯನದಲ್ಲಿ ಬರಿಗಾಲ ಓಟದ ಅಭ್ಯಾಸವಿದ್ದವರನ್ನೇ ಪರೀಕ್ಷಿಸಲಾಯಿತು. ಬರಿಗಾಲು, ಸುಮಾರು 150 ಗ್ರಾಂ ತೂಗುವ ಹಗುರ ಶೂ, ಇವೆರಡರ ನಡುವೆ ಶಕ್ತಿಯ ವೆಚ್ಚದಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ತೂಕವನ್ನು ಸಮಗೊಳಿಸಿದಾಗ ಶೂ ಧರಿಸಿದ ಓಟವೇ ಶೇ. 3ರಿಂದ 4ರಷ್ಟು ಅಗ್ಗವಾಯಿತು. ಕಾರಣವಿಷ್ಟೇ: ಮೆತ್ತೆಯಿಲ್ಲದಿದ್ದರೆ ನೆಲದ ಹೊಡೆತವನ್ನು ತಡೆಯುವ ಕೆಲಸವನ್ನು ಕಾಲಿನ ಸ್ನಾಯುಗಳೇ ಮಾಡಬೇಕಾಗುತ್ತದೆ. ತೂಕ ಇಳಿಸಲು ಮೆತ್ತೆಯನ್ನು ತೀರಾ ಕೊರೆದರೆ ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಖರ್ಚಾಗುತ್ತದೆ.

ಎಂಥೆಂಥ ಶೂಗಳು?

ಮಾರುಕಟ್ಟೆಯಲ್ಲಿರುವ ಹಗುರ ಶೂಗಳನ್ನು ಸ್ಥೂಲವಾಗಿ ನಾಲ್ಕು ವಿಧವಾಗಿ ವಿಂಗಡಿಸಬಹುದು.

ಮೊದಲನೆಯದು ಹಗುರ ತರಬೇತಿ ಶೂ. ಸಾಮಾನ್ಯವಾಗಿ 200ರಿಂದ 250 ಗ್ರಾಂ ತೂಕ, ಸಾಕಷ್ಟು ಮೆತ್ತೆ, ಗಟ್ಟಿ ಹೊರ ಅಟ್ಟೆ. ವೇಗದ ಅಭ್ಯಾಸ, ಸ್ಪರ್ಧೆ ಎರಡಕ್ಕೂ ಒದಗುತ್ತದೆ. ಒಂದೇ ಜೊತೆ ಕೊಳ್ಳಬಲ್ಲವರಿಗೆ ಇದೇ ಸೂಕ್ತ.

ಎರಡನೆಯದು ರೇಸಿಂಗ್ ಫ್ಲಾಟ್ ಎಂಬ ತೆಳು ಅಟ್ಟೆಯ ಶೂ. 200 ಗ್ರಾಂಗಿಂತ ಕಡಿಮೆ ತೂಗುವುದೇ ಹೆಚ್ಚು. ಹಿಮ್ಮಡಿ ಮತ್ತು ಮುಂಗಾಲಿನ ಎತ್ತರದಲ್ಲಿ ವ್ಯತ್ಯಾಸ ಕಡಿಮೆ ಇರುವುದರಿಂದ ಮೀನಖಂಡ ಹಾಗೂ ಹಿಮ್ಮಡಿಯ ನರಕ್ಕೆ ಹೆಚ್ಚು ಎಳೆತ ಬೀಳುತ್ತದೆ.

ಮೂರನೆಯದು ಮೊಳೆ ಶೂ, ಅರ್ಥಾತ್ ಸ್ಪೈಕ್ಸ್. ಸಿಂಥೆಟಿಕ್ ಟ್ರ್ಯಾಕ್ ಮತ್ತು ಹದವಾದ ಮಣ್ಣಿನ ಟ್ರ್ಯಾಕ್‌ಗೆ ಹೇಳಿ ಮಾಡಿಸಿದ್ದು; ಡಾಂಬರು ರಸ್ತೆಗೆ ಸಲ್ಲದು. ನೇಮಕಾತಿ ಓಟದಲ್ಲಿ ಇದಕ್ಕೆ ಅವಕಾಶವಿದೆಯೇ ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಂಡೇ ಕೊಳ್ಳಬೇಕು.

ನಾಲ್ಕನೆಯದು ದಪ್ಪ ನೊರೆಯ ಅಟ್ಟೆಯೊಳಗೆ ಕಾರ್ಬನ್ ತಗಡು ಕೂರಿಸಿದ ಶೂ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಬಗೆಯ ಶೂನಿಂದ ಶಕ್ತಿಯ ವೆಚ್ಚ ಸರಾಸರಿ ಶೇ. 4ರಷ್ಟು ಇಳಿಯಿತೆಂದು ತೋರಿಸಿ ಓಟದ ಜಗತ್ತನ್ನೇ ಅಲುಗಾಡಿಸಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ಪ್ರಯೋಗದಲ್ಲಿ ಎಲ್ಲ ಶೂಗಳ ತೂಕವನ್ನೂ ಸಮಗೊಳಿಸಲಾಗಿತ್ತು. ಲಾಭ ಬಂದದ್ದು ಹಗುರತನದಿಂದಲ್ಲ, ಪುಟಿಯುವ ನೊರೆ ಹಾಗೂ ಶೂ ರಚನೆಯಿಂದ. ಪರೀಕ್ಷೆಗೊಳಗಾದವರು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ ಓಡಿದ ಪಳಗಿದ ಓಟಗಾರರು. ಗಂಟೆಗೆ 10 ಕಿ.ಮೀ. ವೇಗದಲ್ಲಿ ಲಾಭ ಸರಾಸರಿ ಶೇ. 1ಕ್ಕಿಂತಲೂ ಕಡಿಮೆಯೆಂದು 2023ರ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಹತ್ತು ಕಿ.ಮೀ. ದೂರವನ್ನು ಒಂದು ಗಂಟೆಯಲ್ಲಿ ಓಡುವವರು ಹತ್ತು ಸಾವಿರ ರೂಪಾಯಿ ದಾಟುವ ಇಂಥ ಶೂಗೆ ಹಣ ತೆರುವ ಮುನ್ನ ಈ ಲೆಕ್ಕವನ್ನು ನೆನೆಯುವುದು ಒಳಿತು.

ಅಥಣಿಯ ಚಪ್ಪಲಿ ಕಲಿಸುವ ಪಾಠ

ಐನಾಪುರದ ನೆರೆಯ ಅಥಣಿ ಕೊಲ್ಹಾಪುರಿ ಚಪ್ಪಲಿಗೆ ಹೆಸರಾದ ಊರು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರ ವ್ಯಾಪ್ತಿಗೆ ಸೇರಿದವು. ಹೊಸ ಕೊಲ್ಹಾಪುರಿ ಮೊದಮೊದಲು ಕಚ್ಚಿದರೂ ಮೆಟ್ಟುತ್ತಾ ಹೋದಂತೆ ತೊಗಲು ಕಾಲಿನ ಆಕಾರ ತಾಳುತ್ತದೆಂಬುದು ಈ ಭಾಗದವರೆಲ್ಲರ ಅನುಭವ. ಓಟದ ಶೂ ವಿಷಯದಲ್ಲಿ ಈ ಭರವಸೆ ಸಲ್ಲದು. ಅದರ ನೊರೆ ಕಾಲಿಗೆ ಹೊಂದಿಕೊಳ್ಳುವುದಕ್ಕಿಂತ ಬೇಗ ಸವೆಯುತ್ತದೆ. ಅಂಗಡಿಯಲ್ಲಿ ಕಚ್ಚಿದ ಶೂ ಮೈದಾನದಲ್ಲಿಯೂ ಕಚ್ಚುತ್ತದೆ. ‘ಆಮೇಲೆ ಸಡಿಲಾಗುತ್ತದೆ’ ಎಂಬ ಮಾರಾಟಗಾರನ ಮಾತಿಗೆ ಮರುಳಾಗಬಾರದು.

ಆದ್ದರಿಂದ ಶೂ ಕೊಳ್ಳಲು ಸಂಜೆಯ ಹೊತ್ತಿನಲ್ಲಿ ಹೋಗುವುದು ಲೇಸು. ದಿನವಿಡೀ ಓಡಾಡಿದ ಪಾದ ತುಸು ಉಬ್ಬಿರುತ್ತದೆ, ಓಡುವಾಗಲೂ ಉಬ್ಬುತ್ತದೆ. ಓಟಕ್ಕೆ ಬಳಸುವ ಕಾಲುಚೀಲವನ್ನೇ ಧರಿಸಬೇಕು. ಎರಡೂ ಕಾಲಿಗೆ ಹಾಕಿ ಎದ್ದು ನಿಂತಾಗ ಉದ್ದದ ಬೆರಳಿನ ಮುಂದೆ ಹೆಚ್ಚುಕಡಿಮೆ ಹೆಬ್ಬೆರಳಿನ ಅಗಲದಷ್ಟು ಜಾಗವಿರಬೇಕು. ಬೆರಳುಗಳು ಒಳಗೆ ಆಡುವಂತಿರಬೇಕು, ಹಿಮ್ಮಡಿ ಮಾತ್ರ ಅಲುಗಬಾರದು. ಬರಿಗಾಲಿನಲ್ಲಿ ಬೆಳೆದವರ ಮುಂಗಾಲು ಅಗಲವಾಗಿರುವುದುಂಟು. ಅಂಥವರು ಅಗಲ ಸಾಲದೆಂದು ಒಂದು ಅಳತೆ ಉದ್ದದ ಶೂ ಕೊಂಡರೆ ಹಿಮ್ಮಡಿ ಜಾರುತ್ತದೆ. ಅಗಲ ಮುಂಭಾಗದ ಬೇರೆ ಮಾದರಿಯನ್ನೇ ಹುಡುಕಬೇಕು.

ಪೆಟ್ಟಿಗೆಯ ಮೇಲಾಗಲಿ ಜಾಹೀರಾತಿನಲ್ಲಾಗಲಿ ಕಾಣುವ ತೂಕ ಒಂದು ಶೂನದು, ಅದೂ ಒಂದು ಮಾದರಿ ಅಳತೆಯದು. ನಿಮ್ಮ ಅಳತೆ ದೊಡ್ಡದಿದ್ದರೆ ತೂಕವೂ ಹೆಚ್ಚು. ಸಂಶಯವಿದ್ದರೆ ಪಕ್ಕದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಸತ್ಯ ಹೇಳುತ್ತದೆ. ದೊಡ್ಡ ಕಂಪನಿಯ ಹೆಸರು ಹೊತ್ತು ಸಂತೆಯಲ್ಲಿ ಕಾಲುಭಾಗ ಬೆಲೆಗೆ ಸಿಗುವ ನಕಲಿ ಶೂಗಿಂತ ಅಷ್ಟೇ ಹಣಕ್ಕೆ ಸಿಗುವ ಸಾಮಾನ್ಯ ಕಂಪನಿಯ ಅಸಲಿ ಶೂ ಮೇಲು.

ಓಡುವ ನೆಲ ಯಾವುದು?

ನುಣುಪಾದ ಅಟ್ಟೆಯ ರಸ್ತೆ ಶೂ ಸಡಿಲ ಧೂಳಿನ ಮೈದಾನದ ತಿರುವುಗಳಲ್ಲಿ ಜಾರುತ್ತದೆ. ದಪ್ಪ ನೊರೆಯ ಎತ್ತರದ ಶೂ ಅಂಥ ತಿರುವಿನಲ್ಲಿ ಪಾದವನ್ನು ಉಳುಕಿಸಲೂಬಹುದು. 400 ಮೀಟರಿನ ಟ್ರ್ಯಾಕ್‌ನಲ್ಲಿ 1600 ಮೀಟರ್ ಎಂದರೆ ನಾಲ್ಕು ಸುತ್ತು, ಎಂಟು ತಿರುವು. ಮಣ್ಣಿನ ಮೈದಾನದಲ್ಲಿ ಪರೀಕ್ಷೆ ಎದುರಿಸುವವರು ಸಣ್ಣ ಸಣ್ಣ ಗುಬ್ಬಿಗಳ ರಬ್ಬರ್ ಅಟ್ಟೆ ಇರುವ, ನೆಲಕ್ಕೆ ಹತ್ತಿರವಾದ ಶೂ ಆರಿಸುವುದು ಕ್ಷೇಮ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಯಲ್ಲಂತೂ ಶೂ ತೂಕದ ಮಾತೇ ವ್ಯರ್ಥ. ಹತ್ತು ಹೆಜ್ಜೆಯೊಳಗೆ ಅಂಟುವ ಮಣ್ಣು ಉಳಿಸಿದ ಗ್ರಾಂಗಳನ್ನೆಲ್ಲ ಬಡ್ಡಿಸಮೇತ ಹಿಂದಿರುಗಿಸುತ್ತದೆ. ಆ ದಿನಗಳಲ್ಲಿ ಡಾಂಬರು ರಸ್ತೆಯ ಅಂಚೇ ಗತಿ. ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳ ಸಂಚಾರವಿರುವ ರಸ್ತೆಯಲ್ಲಿ ನಸುಕಿನಲ್ಲಿ ಓಡುವವರು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಬೇಕು. ಹೊಳೆಯುವ ಪಟ್ಟಿಯಿರುವ ಉಡುಪು ಧರಿಸುವುದು ಶೂಗಿಂತ ಮುಖ್ಯ.

ಒಗ್ಗಿಸಿಕೊಳ್ಳದಿದ್ದರೆ ಅಪಾಯ

ಹಗುರ ಶೂ ತಂದವರು ಮಾಡುವ ದೊಡ್ಡ ತಪ್ಪೆಂದರೆ ಮರುದಿನದಿಂದಲೇ ಎಲ್ಲ ಓಟವನ್ನೂ ಅದರಲ್ಲಿಯೇ ಓಡುವುದು. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹತ್ತು ವಾರಗಳಲ್ಲಿ ಅತಿ ತೆಳುವಾದ ಶೂಗೆ ಬದಲಾದ 19 ಓಟಗಾರರ ಪೈಕಿ 10 ಜನರ ಪಾದದ ಮೂಳೆಗಳಲ್ಲಿ ಒತ್ತಡದ ಊತ ಹೆಚ್ಚಿದ್ದು ಸ್ಕ್ಯಾನ್‌ನಲ್ಲಿ ಕಂಡುಬಂತು. ಮೂಳೆ ಸೀಳು ಬಿಟ್ಟರೆ ಅಭ್ಯಾಸ ವಾರಗಟ್ಟಲೆ ನಿಲ್ಲುತ್ತದೆ. ಮೂರು ಸೆಕೆಂಡು ಗಳಿಸಲು ಹೋಗಿ ಭರ್ತಿಯ ವರ್ಷವನ್ನೇ ಕಳೆದುಕೊಂಡಂತಾಗುತ್ತದೆ.

ಮೊದಲ ವಾರ ಒಂದು ದಿನ, ಒಂದೆರಡು ಕಿ.ಮೀ. ಮಾತ್ರ ಹೊಸ ಶೂನಲ್ಲಿ ಓಡಬೇಕು. ಮೂರು ನಾಲ್ಕು ವಾರಗಳಲ್ಲಿ ವೇಗದ ಅಭ್ಯಾಸವನ್ನೆಲ್ಲ ಅದಕ್ಕೆ ವರ್ಗಾಯಿಸಬಹುದು. ನಿಧಾನದ, ದೂರದ ಓಟಕ್ಕೆ ಹಳೆಯ ದಪ್ಪ ಶೂ ಇರಲಿ. 264 ಓಟಗಾರರನ್ನು 22 ವಾರ ಗಮನಿಸಿದ ಲಕ್ಸೆಂಬರ್ಗ್‌ನ ಅಧ್ಯಯನವೊಂದರಲ್ಲಿ ಒಂದಕ್ಕಿಂತ ಹೆಚ್ಚು ಜೊತೆ ಶೂಗಳನ್ನು ಬದಲಾಯಿಸಿ ಬಳಸುವವರಲ್ಲಿ ಗಾಯದ ಸಂಭವ ಶೇ. 39ರಷ್ಟು ಕಡಿಮೆ ಕಂಡಿತ್ತು. ಇದರಿಂದ ಹಗುರ ಶೂ ಬಾಳಿಕೆಯೂ ಹೆಚ್ಚುತ್ತದೆ. ಒದ್ದೆಯಾದ ಶೂವನ್ನು ತಗಡಿನ ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಬಾರದು. ಕಾವಿಗೆ ನೊರೆ ಕುಗ್ಗುತ್ತದೆ, ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿಡಬೇಕು.

ನಿಯಮ ತಿಳಿದಿರಲಿ

ಅಧಿಕೃತ ಸ್ಪರ್ಧೆಗಳಲ್ಲಿ ಶೂಗೂ ಕಾನೂನಿದೆ. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಶೂ ಅಟ್ಟೆಗೆ 40 ಮಿಲಿಮೀಟರ್ ಮಿತಿ ಹಾಕಿತು. 2024ರ ನವೆಂಬರ್ 1ರಿಂದ ಟ್ರ್ಯಾಕ್ ಸ್ಪರ್ಧೆಗಳಿಗೆಲ್ಲ ಮಿತಿ 20 ಮಿಲಿಮೀಟರ್. 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲಿಗರಾಗಿ ಗುರಿ ಮುಟ್ಟಿದ ಇಥಿಯೋಪಿಯಾದ ದೆರಾರಾ ಹುರಿಸಾ, ತಮ್ಮ ಶೂ ಅಟ್ಟೆ 10 ಮಿ.ಮೀ. ಹೆಚ್ಚು ದಪ್ಪವಿತ್ತೆಂಬ ಕಾರಣಕ್ಕೆ ಪಟ್ಟವನ್ನೇ ಕಳೆದುಕೊಂಡರು. ಜಿಲ್ಲಾ, ವಿಶ್ವವಿದ್ಯಾಲಯ ಮಟ್ಟದಿಂದ ಮೇಲೇರುವ ಹಂಬಲವುಳ್ಳ ಕ್ರೀಡಾಪಟುಗಳು ದುಬಾರಿ ಶೂ ಕೊಳ್ಳುವ ಮುನ್ನ ಈ ಅಳತೆಗಳನ್ನು ವಿಚಾರಿಸಿಕೊಳ್ಳಬೇಕು.

ಕೊನೆಯದಾಗಿ, ಪರೀಕ್ಷೆಯ ದಿನ ಹೊಸ ಶೂ ಬೇಡವೇ ಬೇಡ. ಅದೇ ಶೂ, ಅದೇ ಕಾಲುಚೀಲ, ಅದೇ ದಾರದ ಬಿಗಿಯಲ್ಲಿ ಕನಿಷ್ಠ ಮೂರು ಬಾರಿ ಪೂರ್ತಿ ವೇಗದ ಅಭ್ಯಾಸ ಮುಗಿದಿರಬೇಕು. ಹತ್ತು ಸಾವಿರ ಹೊಂದಿಸಲಾಗದ ಮನೆಯ ಹುಡುಗ ಅದಕ್ಕಾಗಿ ಕುಗ್ಗಬೇಕಿಲ್ಲ. ಕಾಲಿಗೆ ಸರಿಹೊಂದುವ, 250 ಗ್ರಾಂ ಆಸುಪಾಸಿನ, ನೆಲವನ್ನು ಹಿಡಿಯುವ ಸಾಧಾರಣ ಬೆಲೆಯ ಶೂ ಅವನಿಗೂ ದುಬಾರಿ ಶೂ ಧರಿಸಿದವನಿಗೂ ನಡುವಿನ ಅಂತರವನ್ನು ಕೆಲವೇ ಸೆಕೆಂಡಿಗೆ ಇಳಿಸುತ್ತದೆ. ಆ ಕೆಲವು ಸೆಕೆಂಡುಗಳನ್ನು ನಸುಕಿನ ರಸ್ತೆಯಲ್ಲಿ ಗಳಿಸಿಕೊಳ್ಳುವ ದಾರಿ ಎಲ್ಲರಿಗೂ ತೆರೆದೇ ಇದೆ.