ನಿಮಗಿದು ಗೊತ್ತೆ? ಉಪ್ಪುನೀರಿನ ತೊಟ್ಟಿಯ ಭಾರ

● ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ದೊರೆ ಮಯೂರಶರ್ಮನ ಬಂಡೆ ಶಾಸನವಿದೆ. ಸುಮಾರು 4ನೇ ಶತಮಾನದ ಈ ಪ್ರಾಕೃತ ಬರಹ ಹೇಳುವುದು ಕೆರೆಯ ವಿಷಯವನ್ನು. ಕೆರೆಯಿರಲಿ, ಬೇರೇನೇ ಇರಲಿ, ನೀರು ನಿಲ್ಲಿಸುವವರು ಮೊದಲು ಭಾರದ ಲೆಕ್ಕ ಹಾಕಬೇಕು. ಮನೆಯ ಅಕ್ವೇರಿಯಂಗೂ ಇದೇ ನಿಯಮ.

● 4 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 255 ಲೀಟರ್. ಸಮುದ್ರದ ನೀರು ಲೀಟರಿಗೆ 1.025 ಕೆ.ಜಿ. ತೂಗುತ್ತದೆ. ನೀರೊಂದೇ 260 ಕೆ.ಜಿ. ದಾಟುತ್ತದೆ, ಗಾಜು, ಕಲ್ಲು, ಮರಳು ಬೇರೆ.

● ತೊಟ್ಟಿ ಇಡುವ ಮರದ ಸ್ಟ್ಯಾಂಡಿನ ಮೇಲಿನ ಚೌಕಟ್ಟು ನೇರವಾಗಿ ಕಾಲುಗಳ ಮೇಲೆಯೇ ಕೂರಬೇಕು. ಸ್ಕ್ರೂ ಜೋಡಣೆಯನ್ನು ಹಿಡಿಯಬೇಕೇ ಹೊರತು ಭಾರ ಹೊರಬಾರದು.

● ಹಿಂಬದಿಗೆ ಪ್ಲೈವುಡ್ ಬಡಿದರೆ ಸ್ಟ್ಯಾಂಡ್ ಪಕ್ಕಕ್ಕೆ ವಾಲದು.

● ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಬಳಸಿ, ಮರಕ್ಕೆ ನೀರು ತಡೆಯುವ ಬಣ್ಣ ಹಚ್ಚಿ.

● ನೀರು ತುಂಬುವ ಮುನ್ನ ರಸಮಟ್ಟ ಇಟ್ಟು ನೋಡಿ. ಒಂದು ಮೂಲೆ ತಗ್ಗಿದರೂ ಗಾಜಿನ ಬೆಸುಗೆಗೆ ಅಪಾಯ.