ಪ್ರೋಗ್ರಾಂ ರಚನೆಯಲ್ಲಿ ಸ್ವಾತಂತ್ರ್ಯವೂ ಕಟ್ಟುಪಾಡೂ

ಗಣಕಯಂತ್ರದ ಸ್ಮೃತಿಯಲ್ಲಿ ಹತ್ತು ಮನೆಗಳ ಸಾಲೊಂದನ್ನು ಕಾದಿರಿಸಿ, ಹನ್ನೊಂದನೆಯ ಮನೆಯಲ್ಲಿ ಸಂಖ್ಯೆಯೊಂದನ್ನು ಬರೆಯಬೇಕೆಂದು ವಿಧಿಸಿದರೆ ಏನಾಗುವುದು? ಡೆನಿಸ್ ರಿಚಿಯವರು ೧೯೭೨ರ ಸುಮಾರಿನಲ್ಲಿ ರೂಪಿಸಿದ ಸಿ ಭಾಷೆಯು ಈ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ಬರೆದವನು ತಿಳಿದೇ ಬರೆದಿರುವನೆಂದು ಅದು ನಂಬುತ್ತದೆ. ಪಕ್ಕದಲ್ಲಿದ್ದ ಬೇರೊಂದು ಸಂಖ್ಯೆಯು ಸದ್ದಿಲ್ಲದೆ ಅಳಿದುಹೋಗಬಹುದು. ಈ ನಂಬುಗೆಯನ್ನು ಹೀಯಾಳಿಸುವಂತಿಲ್ಲ. ಯಂತ್ರದ ಮೇಲಣ ಪೂರ್ಣವಾದ ಹಿಡಿತವೂ ವೇಗವೂ ದೊರೆಯುವುದು ಅದರಿಂದಲೇ. ಯೂನಿಕ್ಸ್ ವ್ಯವಸ್ಥೆಯನ್ನು ೧೯೭೩ರಲ್ಲಿ ಸಿ ಭಾಷೆಯಲ್ಲಿ ಹೊಸದಾಗಿ ಬರೆದದ್ದೂ ಆ ಬಲದಿಂದಲೇ.

ಅಮೆರಿಕದ ರಕ್ಷಣಾ ಇಲಾಖೆಯ ಪ್ರೇರಣೆಯಿಂದ ಹುಟ್ಟಿ ೧೯೮೩ರಲ್ಲಿ ಪ್ರಮಾಣೀಕೃತವಾದ ಅಡಾ ಭಾಷೆಯ ಧೋರಣೆ ಬೇರೆ. ಎಲ್ಲೆ ಮೀರಿದೊಡನೆಯೇ ಅದು ದೋಷವನ್ನು ಸಾರಿ ಆ ಕ್ರಿಯೆಯನ್ನು ತಡೆಯುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡು ೨೦೦೧ರ ಜನವರಿ ೪ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಹಾರಾಟವನ್ನು ನಿಯಂತ್ರಿಸುವ ಪ್ರೋಗ್ರಾಮನ್ನು ಈ ಭಾಷೆಯಲ್ಲಿ ಬರೆಯಲಾಯಿತು. ಚುರುಕಾಗಿ ತಿರುಗಲೆಂದು ಆ ವಿಮಾನವನ್ನು ಸಹಜ ಸ್ಥಿರತೆಯಿಲ್ಲದಂತೆಯೇ ರಚಿಸಲಾಗಿದೆ. ಗಣಕವು ಎಡೆಬಿಡದೆ ತಿದ್ದುತ್ತಿದ್ದರೆ ಮಾತ್ರ ಅದರ ಸಮತೋಲ ಉಳಿಯುವುದು. ಬರೆಯುವವನ ಎಚ್ಚರವೊಂದನ್ನೇ ಇಂಥಲ್ಲಿ ನೆಚ್ಚಲಾಗದು.

ಆದರೆ ಕಟ್ಟುಪಾಡು ಭಾಷೆಯಲ್ಲಿದ್ದ ಮಾತ್ರಕ್ಕೆ ಕ್ಷೇಮವು ಸಿದ್ಧಿಸದು. ೧೯೯೬ರ ಜೂನ್ ೪ರಂದು ಏರಿಯಾನ್-೫ ರಾಕೆಟ್ಟು ಮೇಲೇರಿದ ಸುಮಾರು ನಲವತ್ತು ಸೆಕೆಂಡುಗಳಲ್ಲಿ ನಾಶವಾಯಿತು. ಅದರ ಸ್ಥಾನ-ದಿಕ್ಕುಗಳನ್ನು ನಿರ್ಣಯಿಸುವ ಪ್ರೋಗ್ರಾಮೂ ಅಡಾದಲ್ಲಿಯೇ ಇದ್ದಿತು. ಏರಿಯಾನ್-೪ರಿಂದ ಎತ್ತಿ ತಂದದ್ದು. ೬೪ ಬಿಟ್ಟಿನ ಬೆಲೆಯೊಂದು ೧೬ ಬಿಟ್ಟಿನ ಪೂರ್ಣಾಂಕದಲ್ಲಿ ಹಿಡಿಸಲಿಲ್ಲ. ಭಾಷೆಯೇನೋ ದೋಷವನ್ನು ಸಾರಿತು. ಅದನ್ನು ಕೇಳಿ ಸರಿಪಡಿಸುವ ಏರ್ಪಾಡು ಇರಲಿಲ್ಲ. ಇಂಥ ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ರಕ್ಷಣೆ ಒದಗಿಸಿ, ಗಣಕದ ಹೊರೆ ಮಿತಿಯೊಳಗಿರಲೆಂದು ಉಳಿದ ಮೂರನ್ನು ಹಾಗೆಯೇ ಬಿಟ್ಟಿದ್ದರು. ಹಾಗೆ ಬಿಟ್ಟದ್ದಕ್ಕಿಂತಲೂ ತನಿಖಾ ಮಂಡಲಿಯು ಕಂಡ ಮತ್ತೊಂದು ಸಂಗತಿಯೇ ನನಗೆ ಹೆಚ್ಚು ಕಳವಳಕಾರಿಯಾಗಿ ತೋರುತ್ತದೆ: ಆ ನಿರ್ಧಾರದ ಸಮರ್ಥನೆಯು ಪ್ರೋಗ್ರಾಮಿನ ಪಠ್ಯದಲ್ಲಿ ಬರೆದಿರಲಿಲ್ಲ.

ಸ್ವಾತಂತ್ರ್ಯವನ್ನು ಬಳಸಿದ ಎಡೆಯು ಕಣ್ಣಿಗೆ ಕಾಣುವಂತಿರಬೇಕೆಂಬುದೇ ಇಲ್ಲಿಯ ಮುಖ್ಯ ವಿಚಾರ. ಮೋಟಾರು ವಾಹನಗಳಿಗಾಗಿ ೧೯೯೮ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಮಿಸ್ರಾ ನಿಯಮಾವಳಿಯು ಸಿ ಭಾಷೆಯನ್ನು ಬದಲಿಸದೆ ಹೊರಗಿನಿಂದ ಬೇಲಿ ಹಾಕಿತು. ನಿಯಮವನ್ನು ಮೀರಬೇಕಾದಲ್ಲಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. ೨೦೧೫ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯು ಇದನ್ನು ವ್ಯಾಕರಣದೊಳಕ್ಕೇ ತಂದಿದೆ. ಸ್ಮೃತಿಯ ನಿಯಮಗಳನ್ನು ಕಂಪೈಲರೇ ಪರೀಕ್ಷಿಸುತ್ತದೆ. ಅದರ ಪರೀಕ್ಷೆಗೆ ನಿಲುಕದುದನ್ನು ಮಾಡಲೇಬೇಕಾದವನು ಆ ಸಾಲುಗಳನ್ನು ‘ಅನ್‌ಸೇಫ್’ ಎಂಬ ಆವರಣದೊಳಗೆ ಬರೆಯಬೇಕು. ಎಷ್ಟೋ ವರ್ಷಗಳ ತರುವಾಯ ತಪ್ಪನ್ನು ಅರಸಿ ಬಂದವನು ಮೊದಲು ಆ ಸಾಲುಗಳನ್ನೇ ತೆರೆದು ನೋಡಬಹುದು.