ಪಾಚಿ ಮೇಯುವ ಸೀಗಡಿ

ಗಾಜಿನ ತೊಟ್ಟಿಯಲ್ಲಿ ಮೀನಿನ ಜೊತೆ ಗಿಡಗಳನ್ನೂ ಬೆಳೆಸುವವರಿಗೆ ಪಾಚಿಯ ಕಾಟ ತಪ್ಪಿದ್ದಲ್ಲ. ಉಜ್ಜಿದರೆ ಎಳೆಯ ಎಲೆ ಹರಿಯುತ್ತದೆ. ಔಷಧಿ ಹಾಕಿದರೆ ಗಿಡವೂ ನರಳುತ್ತದೆ. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (1954–2015) ಇದಕ್ಕೆ ಪರಿಹಾರವಾಗಿ ತಮ್ಮ ನಾಡಿನ ತೊರೆಗಳ ಪುಟ್ಟ ಸೀಗಡಿಯೊಂದನ್ನು 1980ರ ದಶಕದಲ್ಲಿ ಬಳಕೆಗೆ ತಂದರು. ಸುಮಾರು 5 ಸೆಂ.ಮೀ. ಉದ್ದದ ಈ ಜೀವಿ ಎಲೆಗೆ ಗಾಯ ಮಾಡದೆ ಕೂದಲಿನಂಥ ಪಾಚಿಯನ್ನು ಚಿವುಟಿ ತಿನ್ನುತ್ತದೆ. ಇಂದು ಅದು ‘ಅಮಾನೊ ಸೀಗಡಿ’ ಎಂದೇ ಹೆಸರಾಗಿದೆ. ಇದರ ಮರಿಗಳು ಬದುಕಲು ಉಪ್ಪುನೀರು ಬೇಕು. ಹೀಗಾಗಿ ಸಿಹಿನೀರಿನ ತೊಟ್ಟಿಯಲ್ಲಿ ಸಂತಾನ ಮಿತಿಮೀರುವ ಭಯವಿಲ್ಲ. ಆದರೆ ದೊಡ್ಡ ಮೀನುಗಳ ಜೊತೆ ಬಿಟ್ಟರೆ ಸೀಗಡಿಯೇ ಆಹಾರವಾಗುತ್ತದೆ. ತಾಮ್ರ ಬೆರೆತ ಔಷಧಿಯೂ ಅದಕ್ಕೆ ವಿಷ.

ಪಾಚಿ ತಿನ್ನುವ ಪ್ರಾಣಿಗಳೆಲ್ಲ ಸಣ್ಣ ತೊಟ್ಟಿಗೆ ಹೊಂದುವುದಿಲ್ಲ. ಅಂಗಡಿಯಲ್ಲಿ ಬೆರಳುದ್ದವಿದ್ದು, ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ‘ಸಕ್ಕರ್’ ಮೀನು ಒಂದಡಿಗೂ ಮೀರಿ ಬೆಳೆಯುತ್ತದೆ. ಸಾಕಲಾಗದವರು ಅದನ್ನು ಕೆರೆಗೆ ಬಿಡುವುದುಂಟು. ದಕ್ಷಿಣ ಅಮೆರಿಕದ ಈ ಮೀನು ಈಗ ಭಾರತದ ಹಲವು ಕೆರೆ, ಹೊಳೆಗಳಲ್ಲಿ ನೆಲೆಯೂರಿದೆ. ಅದರ ಮುಳ್ಳಿಗೆ ಬೆಸ್ತರ ಬಲೆ ಹರಿಯುತ್ತಿದೆ. ಅದೇ ಖಂಡದ ಒಟೊಸಿಂಕ್ಲಸ್ ಮೀನು ನಾಲ್ಕೈದು ಸೆಂ.ಮೀ. ಮಾತ್ರ ಬೆಳೆಯುತ್ತದೆ. ಆದರೆ ಹೊಸ ತೊಟ್ಟಿಯಲ್ಲಿ ಪಾಚಿ ಸಾಲದೆ ಅದು ಉಪವಾಸ ಸಾಯಬಹುದು.

ಆದ್ದರಿಂದ ಕೊಳ್ಳುವ ಮುನ್ನ ಕೇಳಬೇಕಾದುದು ಎರಡು: ಪ್ರಾಣಿ ಎಷ್ಟು ದೊಡ್ಡದಾಗುತ್ತದೆ? ಪಾಚಿ ತೀರಿದ ಮೇಲೆ ಏನು ತಿನ್ನುತ್ತದೆ? ಪಾಚಿ ಹೆಚ್ಚುವುದು ಬಹುಮಟ್ಟಿಗೆ ಅತಿ ಬೆಳಕಿನಿಂದ ಮತ್ತು ಮೀನಿಗೆ ಹಾಕುವ ಅತಿ ಆಹಾರದಿಂದ. ಅವನ್ನು ತಗ್ಗಿಸದೆ ಎಷ್ಟು ಸೀಗಡಿ ಬಿಟ್ಟರೂ ಸಾಲದು.